ಅನ್ನ ಬಿಟ್ಟರೆ ಉರಿಯೂತ ಮಾಯ, ಮೆಟಬಾಲಿಸಂ ದುಪ್ಪಟ್ಟು: ಈ ಸಂದೇಶಗಳಲ್ಲಿ ನಿಜವೆಷ್ಟು?

ಅನ್ನ, ಗೋಧಿ, ಸಕ್ಕರೆ ಮೂರನ್ನೂ 21 ದಿನ ಬಿಡಿ. ದೇಹದೊಳಗಿನ ಉರಿಯೂತ ಸೊನ್ನೆಗೆ ಇಳಿಯುತ್ತದೆ, ಮೆಟಬಾಲಿಸಂ ದುಪ್ಪಟ್ಟಾಗುತ್ತದೆ, ಆಮೇಲೆ ಮಾತ್ರೆಯ ಅಗತ್ಯವೇ ಇರುವುದಿಲ್ಲ. ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಮ್ಮೆ ಅದು ಕೀಟೋ ಡಯಟ್ ಹೆಸರಿನಲ್ಲಿ ಬರುತ್ತದೆ, ಇನ್ನೊಮ್ಮೆ 16 ಗಂಟೆಯ ಉಪವಾಸ ಎಂದು, ಮತ್ತೊಮ್ಮೆ ಸಿರಿಧಾನ್ಯ ಎಂದು. ಹೆಸರು ಯಾವುದೇ ಇರಲಿ, ಭರವಸೆ ಮಾತ್ರ ಅದೇ: ಚಯಾಪಚಯ ಚುರುಕಾಗುತ್ತದೆ, ಉರಿಯೂತ ಇಳಿಯುತ್ತದೆ, ಔಷಧಿ ಬಿಡಬಹುದು.

ಚುಟುಕಾಗಿ ಹೇಳುವುದಾದರೆ, ಆಹಾರಕ್ಕೂ ಉರಿಯೂತಕ್ಕೂ ಸಂಬಂಧ ಇರುವುದು ನಿಜ. ಮೆಟಬಾಲಿಸಂ ದುಪ್ಪಟ್ಟಾಗುತ್ತದೆ ಎಂಬುದು ಸುಳ್ಳು. ಮಾತ್ರೆ ಬಿಡಬಹುದು ಎಂಬುದು ಅಪಾಯಕಾರಿ. ಮೂರನ್ನೂ ಒಂದೇ ಸಂದೇಶದಲ್ಲಿ ಸೇರಿಸಿ ಕಳಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಆದ್ದರಿಂದ ನಾವು ಅವನ್ನು ಬಿಡಿಸಿ ನೋಡೋಣ.

ಉರಿಯೂತ ಎಂದರೆ ಉಷ್ಣ ಅಲ್ಲ

ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎನ್ನುವ ರೂಢಿ ಇದೆ. ಉರಿಯೂತ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಹಲವರು ಅದನ್ನು ಈ ಉಷ್ಣದ ಜೊತೆಗೋ, ಎದೆಯುರಿ ಅಥವಾ ಗ್ಯಾಸ್ಟ್ರಿಕ್ ಜೊತೆಗೋ ಸೇರಿಸಿಬಿಡುತ್ತಾರೆ. ವೈದ್ಯರು ಹೇಳುವ ಉರಿಯೂತ ಬೇರೆ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದು ಉರಿಯೂತ. ರೋಗನಿರೋಧಕ ಕಣಗಳು ಅಲ್ಲಿಗೆ ಧಾವಿಸಿ ಕೆಲಸ ಮಾಡುತ್ತಿರುವುದರ ಗುರುತು ಅದು. ಈ ಉರಿಯೂತ ಸೊನ್ನೆಯಾದರೆ ಸಣ್ಣ ಗಾಯವೂ ವಾಸಿಯಾಗುವುದಿಲ್ಲ. ಹಾಗಾಗಿ 'ಉರಿಯೂತ ಸೊನ್ನೆ' ಎನ್ನುವುದು ಯಾರೂ ಬಯಸಬೇಕಾದ ಸ್ಥಿತಿಯೇ ಅಲ್ಲ.

ತೊಂದರೆ ಕೊಡುವುದು ಇನ್ನೊಂದು ಬಗೆ. ಮುಳ್ಳಿಲ್ಲ, ಗಾಯವಿಲ್ಲ, ಜ್ವರವೂ ಇಲ್ಲ, ಆದರೂ ರೋಗನಿರೋಧಕ ವ್ಯವಸ್ಥೆ ಸಣ್ಣ ಉರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಕೆಂಡದ ಮೇಲೆ ಬೂದಿ ಮುಚ್ಚಿದ ಹಾಗೆ, ಹೊರಗೆ ಏನೂ ಕಾಣುವುದಿಲ್ಲ. ರಕ್ತನಾಳದ ಒಳಗೋಡೆ ಹಾಳಾಗುವುದರಲ್ಲಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರಲ್ಲಿ ಇದರ ಪಾಲಿದೆ.

ಇದನ್ನು ಅಳೆಯಲು ಹೆಚ್ಚಾಗಿ ಬಳಸುವುದು ಸಿಆರ್‌ಪಿ ಎಂಬ ಪ್ರೋಟೀನನ್ನು. 1930ರಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಇದು ತಯಾರಾಗುವುದು ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ. ಕೋವಿಡ್ ಸಮಯದಲ್ಲಿ ಲ್ಯಾಬ್ ರಿಪೋರ್ಟುಗಳಲ್ಲಿ ಈ ಹೆಸರನ್ನು ನೀವು ನೋಡಿರಬಹುದು. ಸಣ್ಣ ಪ್ರಮಾಣವನ್ನೂ ಹಿಡಿಯುವ ಎಚ್‌ಎಸ್‌-ಸಿಆರ್‌ಪಿ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚು ಎಂದು ಲೆಕ್ಕ. 10 ದಾಟಿದರೆ ಬಹುಪಾಲು ಅದು ಸೋಂಕು, ಗಾಯ ಅಥವಾ ಬೇರೆ ಯಾವುದೋ ಕಾಯಿಲೆಯ ಸೂಚನೆ. ನೆಗಡಿ ಇದ್ದಾಗಲೋ ಹಲ್ಲಿನ ವಸಡು ಊದಿಕೊಂಡಾಗಲೋ ಪರೀಕ್ಷೆ ಮಾಡಿಸಿ, ಅಂಕಿ ನೋಡಿ ಗಾಬರಿಯಾಗಿ ಅನ್ನ ಬಿಟ್ಟರೆ ಪ್ರಯೋಜನವಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. 'ಡಯಟ್ ಮಾಡಿದ ಮೇಲೆ ಸಿಆರ್‌ಪಿ 12ರಿಂದ 2ಕ್ಕೆ ಇಳಿಯಿತು' ಎಂದು ಯಾರಾದರೂ ಬರೆದರೆ, ಮೊದಲ ಪರೀಕ್ಷೆಯ ದಿನ ಅವರಿಗೆ ಶೀತವಿತ್ತೇ ಎಂದು ಕೇಳುವುದು ನ್ಯಾಯ.

ಹೊಟ್ಟೆಯ ಕೊಬ್ಬು ಸುಮ್ಮನೆ ಕೂರುವುದಿಲ್ಲ

ಕೊಬ್ಬು ಎಂದರೆ ಗೋದಾಮಿನಲ್ಲಿ ಇಟ್ಟ ಮೂಟೆ ಎಂದೇ ಬಹುಕಾಲ ತಿಳಿಯಲಾಗಿತ್ತು. 1993ರಲ್ಲಿ ಹಾರ್ವರ್ಡ್‌ನ ಹೋತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತಂಡ, ಬೊಜ್ಜು ಬಂದ ಇಲಿಗಳ ಕೊಬ್ಬಿನ ಅಂಗಾಂಶದಿಂದಲೇ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ರಾಸಾಯನಿಕ ಹೊರಬರುತ್ತಿರುವುದನ್ನೂ ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುವುದನ್ನೂ ತೋರಿಸಿತು. ಆಮೇಲಿನ ಸಂಶೋಧನೆಗಳಿಂದ ಚಿತ್ರ ಸ್ಪಷ್ಟವಾಯಿತು. ಕೊಬ್ಬಿನ ಕಣಗಳು ಮಿತಿ ಮೀರಿ ಹಿಗ್ಗಿದಾಗ ರೋಗನಿರೋಧಕ ಕಣಗಳು ಅಲ್ಲಿ ಬಂದು ಗುಂಪುಗೂಡುತ್ತವೆ, ಅಲ್ಲಿಂದ ಹೊರಟ ಸಂಕೇತಗಳು ಯಕೃತ್ತನ್ನು ತಲುಪುತ್ತವೆ, ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂಡುವ ಕೊಬ್ಬು ಈ ವಿಷಯದಲ್ಲಿ ಹೆಚ್ಚು ಕೆಟ್ಟದ್ದು.

ಇದು ದಪ್ಪಗಿರುವವರ ಸಮಸ್ಯೆ ಎಂದು ತೆಳ್ಳಗಿರುವವರು ಮುಂದಿನ ಪ್ಯಾರಾ ಬಿಟ್ಟು ಹೋಗಬೇಡಿ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ 21.2. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚಿರಬಹುದು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಇನ್ನೊಂದು ಉದಾಹರಣೆ ನಮಗೆ ಸಿಕ್ಕಿಲ್ಲ. ಇದೇ ಕಾರಣಕ್ಕೆ ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಡಲಾಗಿದೆ. ಟೈಲರ್ ಟೇಪನ್ನು ಹೊಕ್ಕುಳಿನ ಆಸುಪಾಸಿನಲ್ಲಿ ಸುತ್ತಿ ನೋಡಿದರೆ ಸಾಕು, ಪ್ಯಾಂಟಿನ ಸೈಜ್ ನಂಬಬೇಡಿ.

ಹಾಗಾದರೆ ಯಾವುದೇ ಡಯಟ್ ಮಾಡಿ ತೂಕ ಇಳಿದರೂ ಸಾಮಾನ್ಯವಾಗಿ ಸಿಆರ್‌ಪಿ ಇಳಿಯುತ್ತದೆ. ಕೀಟೋ ಮಾಡಿದವರೂ, ಉಪವಾಸ ಮಾಡಿದವರೂ, ಬರೀ ಊಟ ಕಡಿಮೆ ಮಾಡಿದವರೂ 'ನನ್ನ ಉರಿಯೂತ ಕಡಿಮೆಯಾಯಿತು' ಎಂದು ಹೇಳುವುದು ಇದಕ್ಕೇ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೀರ್ತಿಯ ದೊಡ್ಡ ಪಾಲು ಸಲ್ಲಬೇಕಾದದ್ದು ಆ ಡಯಟ್ಟಿನ ಹೆಸರಿಗಲ್ಲ, ಕರಗಿದ ಕೊಬ್ಬಿಗೆ.

ಮೆಟಬಾಲಿಸಂ ದುಪ್ಪಟ್ಟಾಗುತ್ತದೆಯೇ?

ಇಲ್ಲ. ನಾವು ಮಲಗಿಯೇ ಇದ್ದರೂ ಹೃದಯ ಬಡಿಯಲು, ಉಸಿರಾಡಲು, ಮಿದುಳು, ಯಕೃತ್ತು, ಮೂತ್ರಪಿಂಡ ನಡೆಯಲು ಶಕ್ತಿ ಬೇಕು. ದಿನದ ಒಟ್ಟು ಖರ್ಚಿನಲ್ಲಿ ಸುಮಾರು ಶೇ 60ರಿಂದ 70 ಇದಕ್ಕೇ ಹೋಗುತ್ತದೆ. ಇದು ನಿಜವಾಗಿ ದುಪ್ಪಟ್ಟಾದರೆ ಸಂತೋಷಪಡುವ ವಿಷಯವಲ್ಲ, ತುರ್ತು ಚಿಕಿತ್ಸೆಗೆ ಓಡುವ ವಿಷಯ. ಥೈರಾಯ್ಡ್ ವಿಪರೀತ ಹೆಚ್ಚಾದವರ ಎದೆಬಡಿತ, ಕೈನಡುಕ, ಬೆವರು ನೋಡಿದವರಿಗೆ ಇದು ಗೊತ್ತು.

ಆಹಾರದಿಂದ ಆಗುವ ಏರಿಳಿತ ಚಿಕ್ಕದು. ತಿಂದದ್ದನ್ನು ಅರಗಿಸಲು ದೇಹ ಸ್ವಲ್ಪ ಶಕ್ತಿ ಖರ್ಚು ಮಾಡುತ್ತದೆ. ಪ್ರೋಟೀನಿನಲ್ಲಿ ಅದರ ಕ್ಯಾಲರಿಯ ಶೇ 20ರಿಂದ 30, ಪಿಷ್ಟದಲ್ಲಿ ಶೇ 5ರಿಂದ 10, ಕೊಬ್ಬಿನಲ್ಲಿ ಶೇ 3ರೊಳಗೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರು ಅದರಲ್ಲಿ 200 ಕ್ಯಾಲರಿಯಷ್ಟು ಅನ್ನದ ಬದಲು ಬೇಳೆ ಅಥವಾ ಮೊಟ್ಟೆಯ ಪ್ರೋಟೀನ್ ತಿಂದರು ಎಂದುಕೊಳ್ಳೋಣ. ಹೆಚ್ಚುವರಿ ಖರ್ಚು ಸುಮಾರು 40 ಕ್ಯಾಲರಿ. ಎರಡು ಚಮಚ ಸಕ್ಕರೆಯ ಲೆಕ್ಕ. ಪ್ರೋಟೀನಿನ ನಿಜವಾದ ಉಪಕಾರ ಬೇರೆ ಕಡೆ ಇದೆ: ಬೇಗ ಹೊಟ್ಟೆ ತುಂಬುತ್ತದೆ, ತೂಕ ಇಳಿಸುವಾಗ ಸ್ನಾಯು ಉಳಿಯುತ್ತದೆ.

'ಮೂವತ್ತು ದಾಟಿದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತದೆ' ಎಂಬ ಮಾತೂ ಇದರ ಜೊತೆಗೇ ಓಡಾಡುತ್ತದೆ. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಎಂಟು ದಿನದ ಕೂಸಿನಿಂದ ಹಿಡಿದು 95 ವರ್ಷದವರವರೆಗೆ. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60 ವರ್ಷದವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಸಮನಾಗಿಯೇ ಇತ್ತು. ಮೂವತ್ತರ ನಂತರ ಬರುವ ಹೊಟ್ಟೆಗೆ ಕುರ್ಚಿ, ನಿದ್ದೆ, ಸಂಜೆಯ ತಿಂಡಿ ಇವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಡಯಟ್ ಮಾಡಿದರೆ ಮೆಟಬಾಲಿಸಂ ಏರುವ ಬದಲು ಇಳಿಯುವುದೇ ಹೆಚ್ಚು. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ಪರೀಕ್ಷಿಸಿದ್ದರು. ತೂಕ ಕಾಲುಭಾಗ ಇಳಿಯಿತು, ವಿಶ್ರಾಂತಿಯಲ್ಲಿನ ಶಕ್ತಿಯ ಖರ್ಚು ಸುಮಾರು ಶೇ 40 ಕುಸಿಯಿತು. ಅದು ಯುದ್ಧಕಾಲದ ಹಸಿವಿನ ಅಧ್ಯಯನ. ಇತ್ತೀಚಿನದು ಬೇಕೆಂದರೆ, ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿ ಇದೆ. ಅವರ ದೇಹಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚಾಗುತ್ತಿತ್ತು. ಸಿಕ್ಕಾಪಟ್ಟೆ ವೇಗದಲ್ಲಿ ತೂಕ ಇಳಿಸಿದರೆ ದೇಹ ಅದನ್ನು ಬರಗಾಲ ಎಂದೇ ತಿಳಿಯುತ್ತದೆ.

ಕೀಟೋದಲ್ಲಿ ಮೊದಲ ವಾರ ಇಳಿಯುವುದು ಏನು?

ಕೀಟೋ ಹೊಸದಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅಪಸ್ಮಾರದ ಚಿಕಿತ್ಸೆಗಾಗಿ ಈ ಹೆಸರು ಕೊಟ್ಟರು. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ. ಪಿಷ್ಟ ತೀರಾ ಕಡಿಮೆಯಾದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸಿ ಮಿದುಳಿಗೆ ಒದಗಿಸುತ್ತದೆ.

ಶುರುವಿನ ವಾರದಲ್ಲಿ ಎರಡು ಮೂರು ಕಿಲೋ ಇಳಿದರೆ ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಪಿಷ್ಟವು ಗ್ಲೈಕೋಜನ್ ರೂಪದಲ್ಲಿ ಕೂತಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಹಬ್ಬದ ದಿನ ಹೋಳಿಗೆ ಊಟ ಮಾಡಿದ ಮಾರನೆಯ ದಿನ ತೂಕ ಮರಳಿ ಬರುವುದೂ ಹೀಗೆಯೇ. ಬೇಸರ ಪಡಬೇಕಿಲ್ಲ.

ದೀರ್ಘಾವಧಿಯಲ್ಲಿ ಏನಾಗುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಿತು. ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. ಇಬ್ಬರಿಗೂ ಸಕ್ಕರೆ, ಮೈದಾ, ಪ್ಯಾಕೆಟ್ ತಿಂಡಿ ಬಿಟ್ಟು ತರಕಾರಿ ಹೆಚ್ಚಿಸಲು ಹೇಳಲಾಗಿತ್ತು. 2018ರ ಫಲಿತಾಂಶ: ಮೊದಲ ಗುಂಪಿಗೆ ಸರಾಸರಿ 5.3 ಕಿಲೋ, ಎರಡನೆಯದಕ್ಕೆ 6 ಕಿಲೋ ಇಳಿಕೆ. ಎಣಿಕೆಗೆ ಬರುವ ವ್ಯತ್ಯಾಸವಲ್ಲ. ಎರಡೂ ಗುಂಪಿನೊಳಗೆ ತುಂಬಾ ಇಳಿದವರೂ ಇದ್ದರು, ತೂಕ ಏರಿದವರೂ ಇದ್ದರು.

ಇನ್ನೂ ಕುತೂಹಲದ ಪ್ರಯೋಗ ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಅವರದು. 20 ಜನರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎರಡು ವಾರ ಶೇ 75 ಪಿಷ್ಟ ಇರುವ ಸಸ್ಯಾಹಾರ, ಎರಡು ವಾರ ಶೇ 75 ಕೊಬ್ಬು ಇರುವ ಕೀಟೋ ಕೊಟ್ಟರು. ಬೇಕಾದಷ್ಟು ತಿನ್ನಬಹುದಿತ್ತು. ಪಿಷ್ಟದ ಊಟದ ನಂತರ ಸಕ್ಕರೆ, ಇನ್ಸುಲಿನ್ ಎರಡೂ ಹೆಚ್ಚು ಏರಿದವು, ಅದು ನಿರೀಕ್ಷಿತವೇ. ಆದರೆ ಆ ಎರಡು ವಾರಗಳಲ್ಲಿ ಅವರು ತಾವಾಗಿಯೇ ದಿನಕ್ಕೆ ಸುಮಾರು 690 ಕ್ಯಾಲರಿ ಕಡಿಮೆ ತಿಂದರು. 'ಇನ್ಸುಲಿನ್ ಏರಿತೆಂದರೆ ಹಸಿವು ಏರಿತು, ಕೊಬ್ಬು ಕೂಡಿತು' ಎಂಬ ಫಾರ್ವರ್ಡ್‌ಗಳ ಸರಳ ಸೂತ್ರ ಇಲ್ಲಿ ನಿಲ್ಲಲಿಲ್ಲ.

ಕೀಟೋನ್‌ಗಳು ಉರಿಯೂತದ ಒಂದು ಸ್ವಿಚ್ಚನ್ನು ಆರಿಸುತ್ತವೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಯನ್ನು ಹಲವು ವಿಡಿಯೋಗಳು ತೋರಿಸುತ್ತವೆ. ಅದು ಮುಖ್ಯವಾಗಿ ಕಣಗಳ ಮೇಲೆ, ಇಲಿಗಳ ಮೇಲೆ ನಡೆದದ್ದು ಎಂಬ ಸಾಲು ಮಾತ್ರ ವಿಡಿಯೋದಲ್ಲಿ ಇರುವುದಿಲ್ಲ. ಇನ್ನೊಂದು ಕಡೆ, ಬೆಣ್ಣೆ ತುಪ್ಪ ಸುರಿದುಕೊಂಡು ಕೀಟೋ ಮಾಡುವ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಅಂದರೆ ಎಲ್‌ಡಿಎಲ್ ಜೋರಾಗಿ ಏರುತ್ತದೆ. ಮಾಡುವವರು ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಿಕೊಳ್ಳಲೇಬೇಕು.

16 ಗಂಟೆಯ ಉಪವಾಸದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಚೀನಾದ ಗ್ವಾಂಗ್‌ಝೌನಲ್ಲಿ ಬೊಜ್ಜು ಇದ್ದ 139 ಜನರಿಗೆ ಒಂದೇ ಪ್ರಮಾಣದಲ್ಲಿ ಊಟ ಕಡಿಮೆ ಮಾಡಿಸಿ, ಅರ್ಧ ಜನರಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ತಿನ್ನಲು ಹೇಳಿದರು. ವರ್ಷದ ಕೊನೆಗೆ ಅವರು 8 ಕಿಲೋ, ಉಳಿದವರು 6.3 ಕಿಲೋ ಇಳಿದಿದ್ದರು. 2022ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ ಇದು ಖಚಿತ ವ್ಯತ್ಯಾಸವಲ್ಲ. ರಾತ್ರಿ ಹತ್ತರ ಮೇಲೆ ಚಿಪ್ಸ್ ತಿನ್ನುವ ಅಭ್ಯಾಸ ಇದ್ದವರಿಗೆ ಗಡಿಯಾರ ನೋಡಿ ತಿನ್ನುವುದು ಸುಲಭವಾದರೆ ಮಾಡಲಿ. ಅದರಲ್ಲಿ ಪವಾಡವಿಲ್ಲ.

ಅನ್ನದ ಬದಲು ರಾಗಿ: ಇಲ್ಲಿ ಸ್ವಲ್ಪ ನಿಂತು ನೋಡಬೇಕು

ನಮ್ಮ ಓದುಗರು ಬಹಳ ಕೇಳುವ ಪ್ರಶ್ನೆ ಇದು. ಕೇಳುವುದಕ್ಕೆ ಕಾರಣವೂ ಇದೆ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2023ರ ವರದಿ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ ಇದೆ ಎಂದು ಅಂದಾಜಿಸಿತ್ತು. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ನಾವು ತಿನ್ನುವ ಕ್ಯಾಲರಿಯಲ್ಲಿ ಸುಮಾರು ಶೇ 62 ಪಿಷ್ಟದಿಂದಲೇ ಬರುತ್ತದೆ, ಅದರಲ್ಲಿ ಹೆಚ್ಚಿನದು ಬಿಳಿ ಅಕ್ಕಿ, ಹಿಟ್ಟು ಮತ್ತು ಸಕ್ಕರೆ. ಪ್ರೋಟೀನ್ ಸುಮಾರು ಶೇ 12 ಮಾತ್ರ. ಸಿರಿಧಾನ್ಯ ಇನ್ನೂ ಮುಖ್ಯ ಆಹಾರವಾಗಿ ಉಳಿದಿರುವ ಬೆರಳೆಣಿಕೆಯ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂದು ಆ ವರದಿ ಗುರುತಿಸಿದೆ.

ಇಷ್ಟರವರೆಗೆ ಫಾರ್ವರ್ಡ್‌ಗಳ ಪರವಾಗಿಯೇ ಇದೆ. ಆದರೆ ಮುಂದಿನ ಸಾಲು ಅವರಿಗೆ ಇಷ್ಟವಾಗುವುದಿಲ್ಲ. ಒಟ್ಟು ಪಿಷ್ಟದ ಪ್ರಮಾಣ ಹಾಗೆಯೇ ಇಟ್ಟು ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದರೆ ಮಧುಮೇಹದ ಅಪಾಯ ಕಡಿಮೆ ಇರುವುದು ಆ ಲೆಕ್ಕದಲ್ಲಿ ಕಾಣಲಿಲ್ಲ. ಅಪಾಯ ಕಡಿಮೆ ಕಂಡದ್ದು ದಿನದ ಒಟ್ಟು ಕ್ಯಾಲರಿಯ ಶೇ 5ರಷ್ಟನ್ನು ಪಿಷ್ಟದಿಂದ ತೆಗೆದು ಆ ಜಾಗಕ್ಕೆ ಬೇಳೆಕಾಳು ಅಥವಾ ಹಾಲು ಮೊಸರಿನ ಪ್ರೋಟೀನ್ ತಂದ ಲೆಕ್ಕದಲ್ಲಿ. ಇದು ಸಮೀಕ್ಷೆಯ ಮಾಹಿತಿಯಿಂದ ಹಾಕಿದ ಲೆಕ್ಕ, ಜನರ ಊಟ ಬದಲಿಸಿ ನೋಡಿದ ಪ್ರಯೋಗವಲ್ಲ ಎಂಬುದನ್ನೂ ಹೇಳಬೇಕು. ಆದರೂ ದಿಕ್ಕು ಸ್ಪಷ್ಟ.

ರಾಗಿಯ ಗುಣವನ್ನು ನಾವು ಅಲ್ಲಗಳೆಯುತ್ತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಪಿಷ್ಟ? ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67 ಗ್ರಾಂ. ಅಕ್ಕಿ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗಿದರೆ ದೇಹಕ್ಕೆ ಸಿಗುವ ಪಿಷ್ಟ ಕಡಿಮೆಯಾಗುವುದಿಲ್ಲ. ಹಾಲಿನಲ್ಲಿ ನುಣ್ಣಗೆ ಕಾಯಿಸಿ ಬೆಲ್ಲ ಹಾಕಿದ ರಾಗಿ ಅಂಬಲಿಯಂತೂ ಸಕ್ಕರೆ ಕಾಯಿಲೆ ಇದ್ದವರಿಗೆ ಸಲ್ಲದು. ರಾಗಿ ಬಿಸ್ಕತ್ತು, ಸಿರಿಧಾನ್ಯದ ನೂಡಲ್ಸ್ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ತಿರುಗಿಸಿ ನೋಡಿ, ಮೊದಲ ಹೆಸರು ಮೈದಾ ಇರುವುದು ಅಪರೂಪವಲ್ಲ.

ಹಳ್ಳಿಯ ಹಳೆಯ ಊಟದಲ್ಲಿ ಮುದ್ದೆ ಒಂಟಿಯಾಗಿ ಇರಲಿಲ್ಲ. ಹುರುಳಿ ಸಾರು, ಅವರೆಕಾಳು, ಬಸ್ಸಾರಿನ ಸೊಪ್ಪು, ಕೊನೆಗೆ ಮಜ್ಜಿಗೆ ಇತ್ತು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ ಸೊಪ್ಪು. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಬೂತಾಯಿ, ಬಂಗುಡೆ. ಇವುಗಳಲ್ಲಿ ಒಮೇಗಾ-3 ಚೆನ್ನಾಗಿದೆ, ದುಬಾರಿ ಸಾಲ್ಮನ್ ಹುಡುಕಬೇಕಿಲ್ಲ. ಜೊತೆಗೆ ಹೊಲದ ಕೆಲಸವೂ ಇತ್ತು. ನಮ್ಮ ತಟ್ಟೆಯಲ್ಲಿ ಈಗ ಉಳಿದಿರುವುದು ಧಾನ್ಯ ಮಾತ್ರ, ಪಕ್ಕದವರೆಲ್ಲ ಎದ್ದುಹೋಗಿದ್ದಾರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯಗಳಿಂದ ಬರುವ ಕ್ಯಾಲರಿ ಶೇ 45 ದಾಟಬಾರದು ಎಂದಿದೆ. ಅನ್ನ ಬಿಡಿ ಎಂದು ಅದರಲ್ಲಿಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ ಒಂದು ಬಟ್ಟಲು ಕಾಳು ಹೆಚ್ಚಿಸುವುದು 21 ದಿನದ ಚಾಲೆಂಜ್ ಆಗುವಷ್ಟು ರೋಚಕವಲ್ಲ, ನಿಜ.

ಕರುಳಿನ ಕಡೆಯಿಂದ

ನಾರನ್ನು ನಾವು ಅರಗಿಸಲಾರೆವು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅರಗಿಸುತ್ತವೆ. ಆಗ ಹುಟ್ಟುವ ಬ್ಯುಟಿರೇಟ್ ಮುಂತಾದ ಆಮ್ಲಗಳು ಕರುಳಿನ ಗೋಡೆಗೆ ಆಹಾರವಾಗುತ್ತವೆ, ಉರಿಯೂತವನ್ನು ಹತೋಟಿಯಲ್ಲಿಡಲು ನೆರವಾಗುತ್ತವೆ.

2021ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 36 ಆರೋಗ್ಯವಂತರ ಮೇಲೆ 10 ವಾರ ನಡೆದ ಸಣ್ಣ ಪ್ರಯೋಗದಲ್ಲಿ, ಮೊಸರು, ಕೆಫೀರ್, ಕಿಮ್ಚಿಯಂಥ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿ, ರಕ್ತದಲ್ಲಿ 19 ಉರಿಯೂತದ ಪ್ರೋಟೀನ್‌ಗಳು ಇಳಿದವು. ಬರೀ ನಾರು ಹೆಚ್ಚಿಸಿದವರಲ್ಲಿ ಅಷ್ಟು ಬೇಗ ಹೀಗಾಗಲಿಲ್ಲ. ಇದನ್ನು ಹಿಡಿದು 'ಇಡ್ಲಿ ದೋಸೆಯೇ ಪ್ರೋಬಯಾಟಿಕ್' ಎನ್ನುವ ಪೋಸ್ಟ್‌ಗಳು ಬಂದವು. ಹಿಟ್ಟು ಹುದುಗುವುದು ನಿಜ, ಆದರೆ ಹಬೆಯಲ್ಲಿ, ಕಾವಲಿಯಲ್ಲಿ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಮನೆಯ ಮೊಸರು, ಮಜ್ಜಿಗೆಗೆ ಮಾತ್ರ ಆ ಮಾತು ಹೊಂದುತ್ತದೆ, ಅದನ್ನೂ ಕುದಿಸದೆ ಇದ್ದರೆ.

ಅರಿಶಿನದ ವಿಷಯವೂ ಇಲ್ಲೇ ಮುಗಿಸಿಬಿಡೋಣ. ಅದರಲ್ಲಿರುವ ಕರ್ಕ್ಯುಮಿನ್ ಉರಿಯೂತ ತಗ್ಗಿಸಬಲ್ಲದು ಎಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ಪುಡಿಯಲ್ಲಿ ಅದು ಇರುವುದು ಶೇ 3ರ ಆಸುಪಾಸು, ರಕ್ತಕ್ಕೆ ಸೇರುವುದು ಇನ್ನೂ ಕಡಿಮೆ. ಸಾರಿಗೆ ಹಾಕುವ ಅರಿಶಿನಕ್ಕೆ ಏನೂ ಭಯವಿಲ್ಲ. ಕಾಳುಮೆಣಸಿನ ಸಾರ ಸೇರಿಸಿ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ.

ಎಣ್ಣೆ ಮತ್ತು ಪ್ಯಾಕೆಟ್

ಸೂರ್ಯಕಾಂತಿ ಎಣ್ಣೆಯ ಒಮೇಗಾ-6 ಉರಿಯೂತ ಹೆಚ್ಚಿಸುತ್ತದೆ ಎಂಬ ವಾದ ಕಾಗದದ ಮೇಲೆ ಸರಿ ಎನಿಸುತ್ತದೆ. ಮನುಷ್ಯರಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸಿಆರ್‌ಪಿ ಏರಿದ್ದು ಕಾಣಲಿಲ್ಲ. ಉರಿಯೂತಕ್ಕೆ ನಿಜವಾಗಿ ಕುಮ್ಮಕ್ಕು ಕೊಡುವುದು ಟ್ರಾನ್ಸ್ ಕೊಬ್ಬು, ವನಸ್ಪತಿಯಲ್ಲಿ ಹೇರಳವಾಗಿ ಇದ್ದದ್ದು. ಭಾರತದಲ್ಲಿ 2022ರ ಜನವರಿಯಿಂದ ಅದಕ್ಕೆ ಶೇ 2ರ ಮಿತಿ ಇದೆ. ಕಪ್ಪಾಗುವವರೆಗೆ ಅದೇ ಎಣ್ಣೆಯಲ್ಲಿ ಬಜ್ಜಿ ಬೋಂಡ ಕರಿಯುವ ಅಂಗಡಿಯಲ್ಲಿ ಈ ಮಿತಿಯನ್ನು ಯಾರೂ ಅಳೆಯುವುದಿಲ್ಲ, ಕಣ್ಣಿನಿಂದ ನೋಡಿ ನಾವೇ ತೀರ್ಮಾನಿಸಬೇಕು.

ಆಲಿವ್ ಎಣ್ಣೆಯ ಖ್ಯಾತಿ ಬಂದದ್ದು ಮುಖ್ಯವಾಗಿ ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಿಂದ. 7,447 ಜನರಲ್ಲಿ ಆಲಿವ್ ಎಣ್ಣೆ ಅಥವಾ ದಿನಕ್ಕೆ 30 ಗ್ರಾಂ ಬಾದಾಮಿ, ಅಕ್ರೋಟ್‌ನಂಥ ಬೀಜಗಳ ಜೊತೆ ಮೆಡಿಟರೇನಿಯನ್ ಊಟ ಮಾಡಿದವರಿಗೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾರೆ ಸುಮಾರು ಶೇ 30 ಕಡಿಮೆಯಿತ್ತು. ಗುಂಪು ಹಂಚುವುದರಲ್ಲಿ ಲೋಪವಾಗಿದ್ದರಿಂದ 2013ರ ವರದಿಯನ್ನು 2018ರಲ್ಲಿ ಹಿಂಪಡೆದು, ಲೆಕ್ಕ ಸರಿಪಡಿಸಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಆ ಊಟದಲ್ಲಿ ಎಣ್ಣೆಯಷ್ಟೇ ಅಲ್ಲದೆ ಕಾಳು, ತರಕಾರಿ, ಮೀನು, ಹಣ್ಣು ಎಲ್ಲ ಇದ್ದವು ಎಂಬುದನ್ನು ಬಾಟಲಿ ಮಾರುವವರು ಹೇಳುವುದಿಲ್ಲ.

ಒಂದು ಪ್ರಯೋಗ ಮಾತ್ರ ನಮ್ಮನ್ನು ಬಿಸ್ಕತ್ ಡಬ್ಬದ ಮುಂದೆ ನಿಂತು ಯೋಚಿಸುವಂತೆ ಮಾಡಿತು. 2019ರಲ್ಲಿ ಅದೇ ಕೆವಿನ್ ಹಾಲ್, 20 ಜನರಿಗೆ ಎರಡು ವಾರ ಕಾರ್ಖಾನೆಯ ಅತಿ ಸಂಸ್ಕರಿತ ತಿನಿಸು, ಎರಡು ವಾರ ಮನೆಯ ಬಗೆಯ ಊಟ ಕೊಟ್ಟರು. ಮುಂದಿಟ್ಟ ಎರಡೂ ಊಟಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸರಿಸಮ ಇತ್ತು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಂಸ್ಕರಿತ ತಿನಿಸಿನ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡು ವಾರದಲ್ಲಿ 0.9 ಕಿಲೋ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಹಸಿವನ್ನು ಹತೋಟಿಯಲ್ಲಿಡದವರು ಎಂದು ನಾವು ಬೈಯುವ ಜನ ಇವರೇ. ತಿನಿಸು ಬದಲಾದ ಕೂಡಲೇ ಹತೋಟಿ ತಾನಾಗಿ ಬಂತು.

ಮಾತ್ರೆ ಬಿಡುವ ಮಾತು

ಊಟದಿಂದ ಮಧುಮೇಹ ಹಿಮ್ಮೆಟ್ಟಿದ ಉದಾಹರಣೆ ಇಲ್ಲವೇ ಎಂದರೆ, ಇದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿ ಮಾತ್ರ ಸೇವಿಸಿದವರಲ್ಲಿ ಶೇ 46 ಜನ ಒಂದು ವರ್ಷದ ನಂತರ ಮಾತ್ರೆಯಿಲ್ಲದೆ ಮಧುಮೇಹದ ಮಿತಿಗಿಂತ ಕೆಳಗಿನ ಸಕ್ಕರೆ ಮಟ್ಟದಲ್ಲಿದ್ದರು. 15 ಕಿಲೋಗಿಂತ ಹೆಚ್ಚು ಇಳಿದವರಲ್ಲಿ ಈ ಪ್ರಮಾಣ ಶೇ 86. ಆದರೆ ಅವರಿಗೆ ಕಾಯಿಲೆ ಬಂದು ಆರು ವರ್ಷ ಮೀರಿರಲಿಲ್ಲ, ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಸೇರಿಸಿಕೊಂಡಿರಲಿಲ್ಲ, ಮಾತ್ರೆ ನಿಲ್ಲಿಸಿದ್ದು ವೈದ್ಯಕೀಯ ತಂಡ. ವಾಟ್ಸಾಪ್ ಅಲ್ಲ.

ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು 'ಉರಿಯೂತ ಇಳಿಸುವ ಡಯಟ್' ನಂಬಿ ಅದನ್ನು ನಿಲ್ಲಿಸಿದರೆ, ನೋವು ಮರಳುವುದಕ್ಕಿಂತ ಮೊದಲೇ ಕೀಲಿನ ಒಳಗೆ ಸವೆತ ಶುರುವಾಗಬಹುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಮೀನು, ತರಕಾರಿ ತಿನ್ನಿ, ಮಾತ್ರೆಯ ಜೊತೆಗೆ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಬಳಸುವವರು ಮಾತ್ರೆಯ ಪ್ರಮಾಣ ಬದಲಿಸದೆ ದಿಢೀರನೆ ಅನ್ನ ಬಿಟ್ಟರೆ ಅಥವಾ ಉಪವಾಸ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.

ಇನ್ನೊಂದು ಅಪಾಯ ಕಡಿಮೆ ಜನರಿಗೆ ಗೊತ್ತಿರುವುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಈಗ ಸಾಕಷ್ಟು ಜನರಿಗೆ ಬರೆಯುತ್ತಾರೆ. ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಇದೆಯೇ ಎಂದು ಸ್ಟ್ರಿಪ್ ತಿರುಗಿಸಿ ನೋಡಿ. ಇವನ್ನು ನುಂಗುತ್ತಲೇ ಕೀಟೋ ಅಥವಾ ದೀರ್ಘ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ಮೋಸವೆಂದರೆ ಗ್ಲೂಕೋಮೀಟರ್ 150, 180 ಎಂದು ಸಮಾಧಾನದ ಅಂಕಿಯನ್ನೇ ತೋರಿಸುತ್ತಿರುತ್ತದೆ. ವಾಕರಿಕೆ, ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಗ್ಯಾಸ್ಟ್ರಿಕ್ ಎಂದು ಮಲಗಬೇಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಅನ್ನ ಬಿಟ್ಟಿದ್ದೀರಿ ಎಂದು ಹೇಳಿ, ಕೀಟೋನ್ ಪರೀಕ್ಷೆ ಮಾಡುವಂತೆ ಕೇಳಿ.